ಬೋಚಿ ದಿಬ್ಬದ ಕಡೆ ನಡೆದು ಬರುವಾಗ

(ಬೇ ಏರಿಯಾದ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಎರಡು ಅಂಕಿಗಳಿಂದ ಶುರು ಮಾಡುತ್ತೇನೆ. 2003 ಮತ್ತು 2029. ಬ್ರೂಸ್ ಬೋಚಿ ಅವರು 2019ರ ಸೆಪ್ಟೆಂಬರ್ 29ರಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರ್ ಆಗಿ ಕೊನೆಯ ಪಂದ್ಯ ಮುಗಿಸಿದಾಗ ಇಪ್ಪತ್ತೈದು ಸೀಸನ್‌ಗಳ ಲೀಗ್ ಲೆಕ್ಕ ಹೀಗಿತ್ತು: 2003 ಗೆಲುವು, 2029 ಸೋಲು. ಜೈಂಟ್ಸ್ ಜೊತೆಗಿನ ಹದಿಮೂರು ವರ್ಷ ಮಾತ್ರ ತೆಗೆದುಕೊಂಡರೂ ಅಷ್ಟೇ. 1052 ಗೆಲುವು, 1054 ಸೋಲು. ಅಂದರೆ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೂ ಆವತ್ತು ಕ್ರೀಡಾಂಗಣ ತುಂಬಿತ್ತು. ದೊಡ್ಡ ದೊಡ್ಡವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇದು ಯಾಕೆ ಅಂತ ಹೇಳುವುದೇ ಇವತ್ತಿನ ನನ್ನ ಕೆಲಸ. ಬೇಸ್‌ಬಾಲ್‌ನ ಅತಿ ದೊಡ್ಡ ಕಪ್ ಆದ ವರ್ಲ್ಡ್ ಸೀರೀಸ್ ಮೂರು ಸಲ ಗೆದ್ದರು, 2010, 2012, 2014, ಅದಕ್ಕೇ ಅಂತ ನೀವು ಹೇಳಬಹುದು. ಸರಿಯೇ. ಆದರೆ ಕಪ್ ಗೆದ್ದವರನ್ನೆಲ್ಲ ಜನ ಹೀಗೆ ಪ್ರೀತಿಸುವುದಿಲ್ಲ. ಬೋಚಿ ಅವರ ಬಗ್ಗೆ ಜೈಂಟ್ಸ್ ಅಭಿಮಾನಿಗಳು ಮಾತಾಡುವಾಗ ಕಪ್‌ಗಿಂತ ಮುಂಚೆ ಬರುವುದು ಅವರ ನಡಿಗೆ. ತಂಡ ಕೂರುವ ಡಗ್‌ಔಟ್‌ನಿಂದ ಹೊರಗೆ ಬಂದು, ನೋಯುವ ಮಂಡಿಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ, ಮೈದಾನದ ನಡುವಿನ ಮಣ್ಣಿನ ದಿಬ್ಬದ ಕಡೆ ಹೋಗುವ ಆ ನಡಿಗೆ. ಅಲ್ಲಿ ಹೋಗಿ ಅವರು ಕೈ ಚಾಚುತ್ತಿದ್ದರು. ಚೆಂಡು ಎಸೆಯುವ ಪಿಚರ್ ಅದನ್ನು ಆ ಕೈಯಲ್ಲಿ ಇಟ್ಟು ಹೊರಡುತ್ತಿದ್ದ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರ ತೂಕ ಒಂದೇ ಸಲಕ್ಕೆ ತಿಳಿಯುವುದಿಲ್ಲ. ನಮ್ಮಲ್ಲಿ ಬೌಲರ್‌ನನ್ನು ಬದಲಾಯಿಸುವುದು ನಾಯಕ. ಬದಲಾಯಿಸಿದ ಬೌಲರ್ ಇನ್ನೊಂದು ಸ್ಪೆಲ್‌ಗೆ ವಾಪಸ್ ಬರಬಹುದು. ಅಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಜಾಗ ಇದೆ. ಬೇಸ್‌ಬಾಲ್‌ನಲ್ಲಿ ಆ ಜಾಗ ಇಲ್ಲ. ಪಂದ್ಯದಿಂದ ಹೊರಗೆ ಹೋದವನು ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಈ ತೀರ್ಮಾನ ಮಾಡುವುದು ಆಡುವವರಲ್ಲಿ ಒಬ್ಬರಲ್ಲ, ಮ್ಯಾನೇಜರ್. ಅವರೂ ತಂಡದ ಉಡುಪನ್ನೇ ಹಾಕಿಕೊಂಡು, ಎಲ್ಲರ ಕಣ್ಣೆದುರು ನಡೆದು ಹೋಗಿ, ಆ ಹುಡುಗನ ಮುಖ ನೋಡಿ ಹೇಳಬೇಕು. ನಿನ್ನ ಕೆಲಸ ಇವತ್ತಿಗೆ ಮುಗಿಯಿತು ಅಂತ. ದಾರಿಯಲ್ಲೇ ಬಲಗೈ ಮುಟ್ಟಿ ತೋರಿಸಿದರೆ ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಿಂದ ಬಲಗೈ ಪಿಚರ್ ಬರುತ್ತಾನೆ, ಎಡಗೈ ಮುಟ್ಟಿದರೆ ಎಡಗೈ ಪಿಚರ್.

ಬೋಚಿ ಅವರು ಬಿಟ್ಟುಹೋದದ್ದೆಲ್ಲ ಆ ಕೈಯಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಯಾರ ಕೈಯಿಂದ ಚೆಂಡು ಯಾವಾಗ ತೆಗೆದುಕೊಳ್ಳಬೇಕು, ಯಾರ ಕೈಯಲ್ಲಿ ಬಿಡಬೇಕು, ತೆಗೆದುಕೊಂಡ ಮೇಲೂ ಆ ಮನುಷ್ಯ ತಂಡದವನಾಗಿಯೇ ಉಳಿಯುವಂತೆ ಹೇಗೆ ನೋಡಿಕೊಳ್ಳಬೇಕು. ಇದು ಅವರಿಗೆ ಗೊತ್ತಿತ್ತು. ಅಂಕಿಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಅವರು ಎಲ್ಲಿಂದ ಬಂದರು ಅನ್ನುವುದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಹುಟ್ಟಿದ್ದು 1955ರಲ್ಲಿ, ಫ್ರಾನ್ಸ್‌ನಲ್ಲಿ. ತಂದೆ ಅಮೆರಿಕದ ಸೈನ್ಯದಲ್ಲಿದ್ದರು. ಬೋಚಿ ಆಡಿದ್ದು ಕ್ಯಾಚರ್ ಆಗಿ, ಅಂದರೆ ಪಿಚರ್ ಎಸೆದ ಚೆಂಡು ಹಿಡಿಯುವವನಾಗಿ. ಆಸ್ಟ್ರೋಸ್, ಮೆಟ್ಸ್, ಪ್ಯಾಡ್ರೇಸ್, ಮೂರೂ ತಂಡ ಸೇರಿ ಒಂಬತ್ತು ಸೀಸನ್‌ಗಳಲ್ಲಿ 358 ಪಂದ್ಯ. ಒಂದು ಸೀಸನ್‌ಗೆ 162 ಪಂದ್ಯ ಇರುವ ಆಟದಲ್ಲಿ ಇದು ಎಷ್ಟು ಕಡಿಮೆ ಅಂತ ನೀವೇ ಲೆಕ್ಕ ಹಾಕಿ. ಅಂದರೆ ಅವರು ಎರಡನೇ ಕ್ಯಾಚರ್. ಬೇಸ್‌ಬಾಲ್‌ನಲ್ಲಿ ಎರಡನೇ ಕ್ಯಾಚರ್ ಜಾಸ್ತಿ ಹೊತ್ತು ಇರುವುದು ಬುಲ್‌ಪೆನ್‌ನಲ್ಲಿ. ಆಮೇಲೆ ಆಡಬೇಕಾದ ಪಿಚರ್‌ಗಳು ಅಲ್ಲಿ ಮೈ ಬಿಸಿ ಮಾಡಿಕೊಳ್ಳುವಾಗ ಅವರ ಚೆಂಡು ಹಿಡಿಯುವವನು ಅವನೇ. ಯಾರ ತೋಳು ಬೇಗ ತಯಾರಾಗುತ್ತದೆ, ಸುಮ್ನೆ ಎಬ್ಬಿಸಿ ಎಸೆಯಲು ಹೇಳಿ ಆಮೇಲೆ ಕೂರಿಸಿದರೆ ಯಾರು ಮಾರನೇ ದಿನ ಸೋತುಹೋಗುತ್ತಾರೆ, ಇವೆಲ್ಲ ಹತ್ತಿರದಿಂದ ಕಾಣುವ ಜಾಗ ಅದು. ಆಡಲು ಅವಕಾಶ ಸಿಗದೆ ಕಾಯುವವನ ಮನಸ್ಸು ಹೇಗಿರುತ್ತದೆ ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಮ್ಯಾನೇಜರ್ ಆಗಿ ಅವರ ಮೊದಲ ಹನ್ನೆರಡು ವರ್ಷ ಸ್ಯಾನ್ ಡಿಯೇಗೊದ ಪ್ಯಾಡ್ರೇಸ್ ಜೊತೆ, 1995ರಿಂದ 2006ರವರೆಗೆ. 1998ರಲ್ಲಿ ತಂಡವನ್ನು ವರ್ಲ್ಡ್ ಸೀರೀಸ್‌ವರೆಗೆ ಒಯ್ದರು, ಅಲ್ಲಿ ಯಾಂಕೀಸ್ ನಾಲ್ಕಕ್ಕೆ ನಾಲ್ಕೂ ಗೆದ್ದಿತು. 2005, 2006ರಲ್ಲಿ ತಮ್ಮ ಡಿವಿಷನ್‌ನಲ್ಲಿ, ಅಂದರೆ ಲೀಗ್‌ನ ತಮ್ಮ ಗುಂಪಿನಲ್ಲಿ, ಮೊದಲ ಸ್ಥಾನ. ಇಷ್ಟಾದ ಮೇಲೂ ಪ್ಯಾಡ್ರೇಸ್ ಅವರನ್ನು ಅದೇ ಡಿವಿಷನ್‌ನ ಎದುರಾಳಿ ಜೈಂಟ್ಸ್ ಜೊತೆ ಮಾತಾಡಲು ಬಿಟ್ಟಿತು. ಸ್ಯಾನ್ ಡಿಯೇಗೊದ ಅಭಿಮಾನಿಗಳಿಗೆ ಈ ನೋವು ಇನ್ನೂ ಇದೆ, ಇರಲೇಬೇಕು. 2010ರ ಲೀಗ್‌ನ ಕೊನೆಯ ದಿನ ಜೈಂಟ್ಸ್ ಡಿವಿಷನ್ ಗೆದ್ದದ್ದು ಅದೇ ಪ್ಯಾಡ್ರೇಸ್ ತಂಡವನ್ನು ಸೋಲಿಸಿ.

ಆ 2010ರ ತಂಡದ ಬಗ್ಗೆ ಹೇಳದೆ ಬೋಚಿ ಅವರ ಮಾತು ಶುರುವಾಗುವುದಿಲ್ಲ. ಜೈಂಟ್ಸ್ ನ್ಯೂಯಾರ್ಕ್‌ನಿಂದ ಇಲ್ಲಿಗೆ ಬಂದದ್ದು 1958ರಲ್ಲಿ. ಕೊನೆಯ ಸಲ ಕಪ್ ಗೆದ್ದದ್ದು 1954ರಲ್ಲಿ, ನ್ಯೂಯಾರ್ಕ್‌ನಲ್ಲಿದ್ದಾಗ. ಸ್ಯಾನ್ ಫ್ರಾನ್ಸಿಸ್ಕೊಗೆ ಒಂದೂ ಬಂದಿರಲಿಲ್ಲ. ಅಜ್ಜ ಕಾದು ಹೋದ, ಅಪ್ಪ ಕಾಯುತ್ತಿದ್ದಾರೆ ಅನ್ನುವಂಥ ಮನೆಗಳು ಈ ಊರಲ್ಲಿ ಎಷ್ಟೋ ಇದ್ದವು. 2010ರಲ್ಲಿ ಬಂದವರು ನೋಡಿ. ಬೇರೆ ತಂಡಗಳು ಬೇಡ ಅಂದ ಆಟಗಾರರು ಎಷ್ಟೋ ಜನ. ಕೋಡಿ ರಾಸ್‌ನನ್ನು ಫ್ಲೋರಿಡಾದ ಮಾರ್ಲಿನ್ಸ್ ಆಗಸ್ಟ್‌ನಲ್ಲಿ ಕೈಬಿಟ್ಟಿತ್ತು. ಅವನು ಅಕ್ಟೋಬರ್‌ನಲ್ಲಿ ಲೀಗ್ ಫೈನಲ್‌ನ, ಅಂದರೆ ವರ್ಲ್ಡ್ ಸೀರೀಸ್‌ಗೆ ಮುಂಚಿನ ಸರಣಿಯ, ಅತ್ಯುತ್ತಮ ಆಟಗಾರನಾದ. ಎಷ್ಟೋ ಪಂದ್ಯಗಳು ಒಂದೇ ರನ್‌ನ ಆಚೆ ಈಚೆ. ಅಭಿಮಾನಿಗಳು 'ಟಾರ್ಚರ್' ಅಂತ ಬರೆದ ಫಲಕ ಹಿಡಿದು ಕೂರುತ್ತಿದ್ದರು.

ಆ ವರ್ಷದ ಅಕ್ಟೋಬರ್ 23ರ ರಾತ್ರಿ, ಫಿಲಡೆಲ್ಫಿಯಾ. ಲೀಗ್ ಫೈನಲ್‌ನ ಆರನೇ ಪಂದ್ಯ. ಸ್ಟಾರ್ಟರ್, ಅಂದರೆ ಪಂದ್ಯ ಶುರು ಮಾಡುವ ಪಿಚರ್, ಜೊನಾಥನ್ ಸ್ಯಾಂಚೆಸ್ ಒಂಬತ್ತು ಇನ್ನಿಂಗ್‌ಗಳಲ್ಲಿ ಮೂರನೆಯದರಲ್ಲೇ ಹಳಿ ತಪ್ಪಿದ. ಸಾಮಾನ್ಯವಾಗಿ ಸ್ಟಾರ್ಟರ್‌ಗೆ ಇನ್ನೂ ಸ್ವಲ್ಪ ಸಮಯ ಕೊಡುತ್ತಾರೆ. ಬೋಚಿ ಕೊಡಲಿಲ್ಲ. ನಡೆದು ಹೋಗಿ ಚೆಂಡು ತೆಗೆದುಕೊಂಡರು. ಆಮೇಲೆ ಜೆರೆಮಿ ಆಫೆಲ್ಟ್. ಆಮೇಲೆ ಇಪ್ಪತ್ತೊಂದು ವರ್ಷದ ಮ್ಯಾಡಿಸನ್ ಬಮ್‌ಗಾರ್ನರ್. ಅವನು ಸ್ಟಾರ್ಟರ್, ಬುಲ್‌ಪೆನ್‌ನವನಲ್ಲ. ಆಮೇಲೆ ಎಡಗೈ ಪಿಚರ್ ಹಾವಿಯೆರ್ ಲೋಪೆಸ್. ಆಮೇಲೆ ಟಿಮ್ ಲಿನ್ಸೆಕಮ್, ಅವನೂ ಸ್ಟಾರ್ಟರ್. ಕೊನೆಗೆ ಬ್ರಯಾನ್ ವಿಲ್ಸನ್. ಹ್ವಾನ್ ಉರಿಬೆ ಎಂಟನೇ ಇನ್ನಿಂಗ್‌ನಲ್ಲಿ ಹೊಡೆದ, ನಮ್ಮ ಸಿಕ್ಸರ್‌ನಂಥ ಹೋಂ ರನ್‌ನಿಂದ ಜೈಂಟ್ಸ್ 3-2ರಿಂದ ಗೆದ್ದಿತು. ಹೊಡೆದದ್ದು ಒಬ್ಬ, ಆದರೆ ಏಳು ಇನ್ನಿಂಗ್‌ಗಳ ಕಾಲ ಸ್ಕೋರನ್ನು ಅಲ್ಲೇ ಹಿಡಿದು ನಿಲ್ಲಿಸಿದ್ದು ಆ ಸರದಿ. ಮದುವೆ ಮನೆಯ ಹಿರಿಯ ಅಡುಗೆಯವರು ಮೊದಲ ಪಂಕ್ತಿಗೆ ಬಡಿಸುವಾಗಲೇ ಕೊನೇ ಪಂಕ್ತಿಯ ಲೆಕ್ಕ ಇಟ್ಟುಕೊಂಡಿರುತ್ತಾರಲ್ಲ, ಬೋಚಿ ಬುಲ್‌ಪೆನ್ ನಡೆಸುತ್ತಿದ್ದದ್ದು ಹಾಗೆ.

ಈ ಲೋಪೆಸ್ ಬಗ್ಗೆ ಒಂದು ಮಾತು ಸೇರಿಸಬೇಕು. ಅವನು ಎಷ್ಟೋ ರಾತ್ರಿ ಒಬ್ಬನೇ ಒಬ್ಬ ಎಡಗೈ ಬ್ಯಾಟ್ಸ್‌ಮನ್‌ಗಾಗಿ ಒಳಗೆ ಬಂದು, ಅವನನ್ನು ಔಟ್ ಮಾಡಿ, ಹೊರಗೆ ಹೋಗುತ್ತಿದ್ದ. ಲೋಪೆಸ್, ಆಫೆಲ್ಟ್, ಸಾಂಟಿಯಾಗೊ ಕಸೀಯಾ, ಸರ್ಜಿಯೋ ರೋಮೋ. ಈ ನಾಲ್ವರು ಮೂರೂ ಕಪ್‌ಗಳಲ್ಲಿ ಇದ್ದರು. ಪೇಪರ್‌ನಲ್ಲಿ ಇವರ ಫೋಟೊ ಕಡಿಮೆ. ಆದರೆ ಇಲ್ಲಿನ ಅಭಿಮಾನಿಗೆ ಈ ನಾಲ್ಕು ಹೆಸರು ಬಾಯಿಪಾಠ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆಗೆ ಬರುತ್ತೇನೆ. ಬ್ಯಾರಿ ಜೀಟೋ.

ಜೀಟೋ ಜೈಂಟ್ಸ್‌ಗೆ ಬಂದದ್ದು ಬೋಚಿ ಬಂದ 2007ರಲ್ಲೇ. ಏಳು ವರ್ಷಕ್ಕೆ 126 ಮಿಲಿಯನ್ ಡಾಲರ್ ಒಪ್ಪಂದ. ಅದಕ್ಕೆ ಮುಂಚೆ ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ನಲ್ಲಿ ಅವನು ದೊಡ್ಡ ಪಿಚರ್. ಇಲ್ಲಿ ಬಂದ ಮೇಲೆ ಆ ಆಟ ಬರಲಿಲ್ಲ. ವರ್ಷ ವರ್ಷ ಸೋಲು. ಜನ ಅವನಿಗೆ ಕೂಗು ಹಾಕುತ್ತಿದ್ದರು. 2010ರಲ್ಲಿ ತಂಡ ಪ್ಲೇಆಫ್‌ಗೆ, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತಿಗೆ, ಹೋದಾಗ ಬೋಚಿ ಆಟಗಾರರ ಪಟ್ಟಿ ಮಾಡಬೇಕಾಯಿತು. ಇಪ್ಪತ್ತೈದು ಹೆಸರು. ಜೀಟೋ ಹೆಸರು ಅದರಲ್ಲಿ ಇರಲಿಲ್ಲ. ತಂಡದಲ್ಲೇ ಎಲ್ಲರಿಗಿಂತ ಜಾಸ್ತಿ ಸಂಬಳದವನು ಕಪ್ ಗೆಲ್ಲುವುದನ್ನು ಪಕ್ಕದಲ್ಲಿ ಕೂತು ನೋಡಬೇಕಾಯಿತು. ಎಷ್ಟೋ ಜನ ಅಲ್ಲಿಗೆ ಮುರಿದುಹೋಗುತ್ತಾರೆ. ಪತ್ರಕರ್ತರ ಮುಂದೆ ಕಹಿ ಮಾತಾಡುತ್ತಾರೆ. ಬೇರೆ ತಂಡಕ್ಕೆ ಕಳಿಸಿ ಅನ್ನುತ್ತಾರೆ. ಜೀಟೋ ಉಳಿದ.

2012ರ ಅಕ್ಟೋಬರ್ 19. ಸೇಂಟ್ ಲೂಯಿಸ್. ಲೀಗ್ ಫೈನಲ್‌ನಲ್ಲಿ ಜೈಂಟ್ಸ್ 1-3ರಿಂದ ಹಿಂದೆ. ಇನ್ನೊಂದು ಸೋತರೆ ಮನೆಗೆ. ಬೋಚಿ ಚೆಂಡು ಕೊಟ್ಟದ್ದು ಜೀಟೋ ಕೈಗೆ. ಆ ದಿನ ಬೆಳಿಗ್ಗೆ ಊರಲ್ಲಿ ಎಂಥ ಮೌನ ಇತ್ತು ಅಂತ ಇಲ್ಲಿದ್ದವರಿಗೆ ನೆನಪಿರುತ್ತದೆ. ಜೀಟೋ ಏಳೂ ಮುಕ್ಕಾಲಿನ ಹತ್ತಿರ ಇನ್ನಿಂಗ್ ಎಸೆದ. ಒಂದೂ ರನ್ ಕೊಡಲಿಲ್ಲ. ತಾನೇ ಬ್ಯಾಟ್ ಹಿಡಿದು, ಚೆಂಡನ್ನು ಮೆಲ್ಲನೆ ತಟ್ಟಿ (ಇದನ್ನು ಬಂಟ್ ಅನ್ನುತ್ತಾರೆ) ಬೇಸ್ ತಲುಪಿ, ಒಂದು ಹಿಟ್ ಕೂಡ ಪಡೆದ. 5-0. ಅಲ್ಲಿಂದ ಜೈಂಟ್ಸ್ ಆ ಸರಣಿಯಲ್ಲಿ ಮತ್ತೆ ಸೋಲಲಿಲ್ಲ. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಕ್ಕೂ ಅವನೇ. ಎದುರಿಗೆ ಡೆಟ್ರಾಯಿಟ್‌ನ ಜಸ್ಟಿನ್ ವರ್ಲ್ಯಾಂಡರ್, ಆ ಕಾಲದ ಅತಿ ದೊಡ್ಡ ಪಿಚರ್. ಪ್ಯಾಬ್ಲೊ ಸ್ಯಾಂಡೊವಾಲ್ ಆ ರಾತ್ರಿ ಮೂರು ಹೋಂ ರನ್ ಹೊಡೆದ. ಗೆದ್ದ ಪಿಚರ್ ಅಂತ ಬರೆದದ್ದು ಜೀಟೋ ಹೆಸರು.

ಎರಡು ವರ್ಷದ ಹಿಂದೆ ಪಟ್ಟಿಯಿಂದ ಕೈಬಿಟ್ಟ ಮನುಷ್ಯನ ಕೈಗೇ ಅತಿ ಕಷ್ಟದ ದಿನ ಚೆಂಡು ಕೊಡಬೇಕಾದರೆ ಅವರಿಬ್ಬರ ನಡುವೆ ಏನು ಉಳಿದಿರಬೇಕು ಯೋಚಿಸಿ. ಕೈಬಿಟ್ಟಾಗ ಅವಮಾನ ಮಾಡಿರಬಾರದು. ಸುಳ್ಳು ಸಮಾಧಾನವನ್ನೂ ಹೇಳಿರಬಾರದು. ಇವೆರಡೂ ಆಗದಂತೆ ಕೆಟ್ಟ ಸುದ್ದಿ ಹೇಳುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತಿರುವ, ನಾಲ್ಕು ಜನರ ತಂಡ ನಡೆಸುವ ಯಾರಿಗಾದರೂ ಗೊತ್ತು.

ಅದೇ 2012ರಲ್ಲಿ ಲಿನ್ಸೆಕಮ್‌ಗೂ ಹಾಗೇ ಆಯಿತು. 2008 ಮತ್ತು 2009ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಸತತವಾಗಿ ಗೆದ್ದವನು. ಉದ್ದ ಕೂದಲಿನ, ತೆಳ್ಳನೆಯ ಆ ಹುಡುಗನನ್ನು ಕಂಡರೆ ಈ ಊರಿಗೆ ಪ್ರಾಣ. 2012ರ ಸೀಸನ್ ಅವನಿಗೆ ಕೈಕೊಟ್ಟಿತು. 10 ಗೆಲುವು, 15 ಸೋಲು. ಬೋಚಿ ಅವನನ್ನು ಪ್ಲೇಆಫ್‌ನಲ್ಲಿ ಬುಲ್‌ಪೆನ್‌ಗೆ ಕಳಿಸಿದರು. ಎರಡು ಸಲ ದೇಶದ ಅತ್ಯುತ್ತಮರಲ್ಲಿ ಒಬ್ಬನೆನಿಸಿದವನಿಗೆ ನೀನು ಕಾದು ಕೂತಿರು, ಬೇಕಾದಾಗ ಕರೆಯುತ್ತೇನೆ ಅನ್ನುವುದು. ಅವನು ಒಪ್ಪಿದ, ಅಲ್ಲಿಂದ ಬಂದು ಬೆಂಕಿಯಂತೆ ಎಸೆದ.

ಇನ್ನೊಂದು ಕಡೆ ನೋಡಿ. 2013ರ ಜುಲೈ 13, ಸ್ಯಾನ್ ಡಿಯೇಗೊ. ಅದೇ ಲಿನ್ಸೆಕಮ್ ಒಂದೂ ಹಿಟ್ ಕೊಡದೆ ಪಂದ್ಯದ ಕೊನೆಗೆ ಬರುತ್ತಿದ್ದ. ನೋ-ಹಿಟರ್ ಅನ್ನುವುದು ಪಿಚರ್‌ನ ಜೀವನದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಎಸೆತಗಳ ಲೆಕ್ಕ ಏರುತ್ತಾ ಹೋಯಿತು. ಸಾಮಾನ್ಯವಾಗಿ 100ರ ಹತ್ತಿರ ಬಂದರೆ ಮ್ಯಾನೇಜರ್ ಫೋನ್ ಎತ್ತುತ್ತಾರೆ. 120 ಆಯಿತು. 130 ಆಯಿತು. ಬೋಚಿ ಡಗ್‌ಔಟ್‌ನಿಂದ ಏಳಲಿಲ್ಲ. 148ನೇ ಎಸೆತದಲ್ಲಿ ಮುಗಿಯಿತು. ಆ ತೋಳಿನ ಚಿಂತೆ ಅವರಿಗೆ ಇರಲಿಲ್ಲವಾ? ಇದ್ದೇ ಇತ್ತು. ಅದು ತಪ್ಪು ಅಂತ ಈಗಲೂ ವಾದ ಮಾಡುವ ಗೆಳೆಯರು ನನಗಿದ್ದಾರೆ. ಅವರ ಮಾತಲ್ಲಿ ಸತ್ಯ ಇದೆ. ನಾನು ಮಾತ್ರ ಆ ರಾತ್ರಿಯ ಬೋಚಿ ಕಡೆಗೇ ಇದ್ದೇನೆ. ಒಬ್ಬ ದೊಡ್ಡ ಆಟಗಾರ ಇಳಿಜಾರಿನಲ್ಲಿ ಇರುವಾಗ ಅವನಿಗೆ ಇಂಥ ಒಂದು ರಾತ್ರಿ ಸಿಕ್ಕರೆ ಅದನ್ನು ಅವನಿಂದ ಕಿತ್ತುಕೊಳ್ಳಬಾರದು ಅನ್ನುವುದೂ ಆಟದ ಒಂದು ಜವಾಬ್ದಾರಿ.

2014ರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮೊದಲು ಟ್ರ್ಯಾವಿಸ್ ಇಶಿಕಾವ. ಅವನು ಫಸ್ಟ್ ಬೇಸ್ ಆಟಗಾರ. ಆ ವರ್ಷ ಪಿಟ್ಸ್‌ಬರ್ಗ್ ಅವನನ್ನು ಬಿಟ್ಟುಬಿಟ್ಟಿತ್ತು. ಜೈಂಟ್ಸ್‌ಗೆ ಲೆಫ್ಟ್ ಫೀಲ್ಡ್‌ನಲ್ಲಿ ಆಡುವವರು ಇಲ್ಲದಾಗ ಬೋಚಿ ಅಕ್ಟೋಬರ್‌ನಂಥ ತಿಂಗಳಲ್ಲಿ ಅವನನ್ನು ಅಲ್ಲಿ ನಿಲ್ಲಿಸಿದರು. ಲೀಗ್ ಫೈನಲ್‌ನ ಐದನೇ ಪಂದ್ಯದಲ್ಲಿ ಅವನು ಮೈದಾನದಲ್ಲಿ ಒಂದು ಚೆಂಡನ್ನು ತಪ್ಪಾಗಿ ಅಂದಾಜು ಮಾಡಿದ. ಅದೇ ರಾತ್ರಿ ಕೊನೆಯಲ್ಲಿ ಅವನೇ ಹೋಂ ರನ್ ಹೊಡೆದು ತಂಡವನ್ನು ವರ್ಲ್ಡ್ ಸೀರೀಸ್‌ಗೆ ಕಳಿಸಿದ.

ಆಮೇಲೆ ಅಕ್ಟೋಬರ್ 29, ಕ್ಯಾನ್ಸಸ್ ಸಿಟಿ, ಏಳನೇ ಪಂದ್ಯ. ಸ್ಟಾರ್ಟರ್ ಟಿಮ್ ಹಡ್ಸನ್. ಎಷ್ಟೋ ವರ್ಷ ಆಡಿ ಮೊದಲ ಸಲ ವರ್ಲ್ಡ್ ಸೀರೀಸ್ ನೋಡಿದ ಹಿರಿಯ. ಎರಡನೇ ಇನ್ನಿಂಗ್‌ನಲ್ಲಿ ಆ ಊರಿನ ರಾಯಲ್ಸ್ ತಂಡ 2-2 ಮಾಡಿಕೊಂಡಿತು. ಬೋಚಿ ಹೊರಗೆ ಬಂದರು. ಇಡೀ ವೃತ್ತಿ ಜೀವನ ಕಾದ ಪಂದ್ಯದಲ್ಲಿ ಎರಡು ಇನ್ನಿಂಗ್ ಕೂಡ ಆಗದೆ ಹಡ್ಸನ್ ಚೆಂಡು ಕೊಟ್ಟು ನಡೆದ. ಇದಕ್ಕೆ ಕಲ್ಲು ಮನಸ್ಸು ಬೇಕು ಅನ್ನುತ್ತಾರೆ. ಹಾಗಲ್ಲ. ಉಳಿದ ಇಪ್ಪತ್ತನಾಲ್ಕು ಜನರ ಮುಖ ಕಣ್ಣ ಮುಂದೆ ಇರಬೇಕು, ಅಷ್ಟೇ. ಆಫೆಲ್ಟ್ ಎರಡು ಇನ್ನಿಂಗ್‌ಗಿಂತ ಸ್ವಲ್ಪ ಜಾಸ್ತಿ ಎಸೆದ. ನಾಲ್ಕನೇ ಇನ್ನಿಂಗ್‌ನಲ್ಲಿ ಜೈಂಟ್ಸ್ 3-2 ಮುಂದೆ ಹೋಯಿತು. ಐದನೇ ಇನ್ನಿಂಗ್‌ಗೆ ಬುಲ್‌ಪೆನ್ ಬಾಗಿಲು ತೆರೆಯಿತು. ಬಂದದ್ದು ಬಮ್‌ಗಾರ್ನರ್.

ಮೂರು ದಿನದ ಹಿಂದೆ, ಐದನೇ ಪಂದ್ಯದಲ್ಲಿ, ಅವನು ಪೂರ್ತಿ ಒಂಬತ್ತು ಇನ್ನಿಂಗ್, 117 ಎಸೆತ ಎಸೆದಿದ್ದ. ಮಧ್ಯೆ ಎರಡೇ ದಿನ ವಿರಾಮ. ಒಂದು ಇನ್ನಿಂಗ್ ಎಸೆಯುತ್ತಾನೆ, ಹೆಚ್ಚೆಂದರೆ ಎರಡು ಅಂತ ನಾವೆಲ್ಲ ಅಂದುಕೊಂಡೆವು. ಐದು, ಆರು, ಏಳು, ಎಂಟು. ಪ್ರತಿ ಸಲ ಟಿವಿಯವರು ಡಗ್‌ಔಟ್ ತೋರಿಸುತ್ತಿದ್ದರು. ಬೋಚಿ ಅಲ್ಲೇ ಇದ್ದರು, ಕಂಬಿಗೆ ಆತುಕೊಂಡು. ಒಂಬತ್ತನೇ ಇನ್ನಿಂಗ್, ಇಬ್ಬರು ಔಟ್. ಅಲೆಕ್ಸ್ ಗಾರ್ಡನ್ ಹೊಡೆದ ಚೆಂಡು ಫೀಲ್ಡರ್‌ಗಳ ಕೈ ತಪ್ಪಿ ಹಿಂದಕ್ಕೆ ಉರುಳಿತು. ಗಾರ್ಡನ್ ಮೂರನೇ ಬೇಸ್‌ನಲ್ಲಿ ಬಂದು ನಿಂತ. ಇನ್ನೊಂದು ಹಿಟ್ ಬಂದರೆ ಸಮ. ಆಗಲೂ ಬೋಚಿ ಚೆಂಡು ತೆಗೆದುಕೊಳ್ಳಲು ಹೋಗಲಿಲ್ಲ. ಸಾಲ್ವಡೋರ್ ಪೆರೆಸ್ ಹೊಡೆದದ್ದು ಮೇಲಕ್ಕೆ ಹೋಯಿತು. ಸ್ಯಾಂಡೊವಾಲ್ ಅದನ್ನು ಹಿಡಿದು ಹಿಂದಕ್ಕೆ ಬಿದ್ದ. ಬಮ್‌ಗಾರ್ನರ್ 68 ಎಸೆತ, ಐದು ಇನ್ನಿಂಗ್, ಸೊನ್ನೆ ರನ್. ಒಂದೇ ಪಂದ್ಯದಲ್ಲಿ ಹಡ್ಸನ್ ಕೈಯಿಂದ ಬೇಗ ತೆಗೆದುಕೊಂಡದ್ದು, ಬಮ್‌ಗಾರ್ನರ್ ಕೈಯಲ್ಲಿ ಕೊನೆವರೆಗೂ ಬಿಟ್ಟದ್ದು. ಎರಡೂ ಒಬ್ಬರದೇ ತೀರ್ಮಾನ.

ಕೆಲವರು ಕೇಳುತ್ತಾರೆ, ಕ್ಯಾಚರ್ ಬಸ್ಟರ್ ಪೋಸಿ, ಲಿನ್ಸೆಕಮ್, ಪಿಚರ್ ಮ್ಯಾಟ್ ಕೇನ್, ಬಮ್‌ಗಾರ್ನರ್ ಇದ್ದ ತಂಡವನ್ನು ಯಾರು ಬೇಕಾದರೂ ಗೆಲ್ಲಿಸಬಹುದಿತ್ತು, ಅಲ್ವಾ ಅಂತ. ಆ ಹುಡುಗರನ್ನು ಹುಡುಕಿ ತಂದದ್ದು ಜನರಲ್ ಮ್ಯಾನೇಜರ್ ಬ್ರಯಾನ್ ಸೇಬಿಯನ್ ಮತ್ತು ಅವರ ಜೊತೆಗಾರರು. ಪಿಚರ್‌ಗಳನ್ನು ತಿದ್ದಿದ್ದು ಕೋಚ್ ಡೇವ್ ರಿಗೆಟ್ಟಿ. ಈ ಪಾಲನ್ನು ಬೋಚಿ ಅವರ ಹೆಸರಿಗೆ ಬರೆಯುವುದು ಸರಿಯಲ್ಲ. ಆದರೆ ಒಂದು ಲೆಕ್ಕ ನೋಡಿ. 2012ರಿಂದ 2016ರವರೆಗೆ, ಸೋತರೆ ಮನೆಗೆ ಅನ್ನುವಂಥ ಪಂದ್ಯಗಳಲ್ಲಿ ಜೈಂಟ್ಸ್ ಸತತವಾಗಿ 10 ಗೆದ್ದಿತು. ಲೀಗ್‌ನಲ್ಲಿ ಅರ್ಧಕ್ಕರ್ಧ ಸೋಲುವ ತಂಡ ಅಂಥ ದಿನ ಮಾತ್ರ ಸೋಲುತ್ತಿರಲಿಲ್ಲ. ಆರು ತಿಂಗಳ ಲೀಗ್‌ನಲ್ಲಿ ತಂಡದ ಬಲ ಎಷ್ಟಿದೆಯೋ ಅಷ್ಟೇ ಕಾಣುತ್ತದೆ. ಒಂದೇ ರಾತ್ರಿಯ ಪಂದ್ಯದಲ್ಲಿ ಯಾರು ಯಾವಾಗ ಎಸೆಯಬೇಕು ಅನ್ನುವುದು ದೊಡ್ಡದಾಗುತ್ತದೆ. ಅಲ್ಲಿ ಬೋಚಿ ಕಾಣುತ್ತಾರೆ.

ಆ ಸಾಲು ಮುರಿದ ರಾತ್ರಿಯನ್ನೂ ಹೇಳಲೇಬೇಕು. ಅಭಿಮಾನಿ ಅಂದ ಮೇಲೆ ಅದನ್ನು ಮುಚ್ಚಿಡಬಾರದು. 2016ರ ಅಕ್ಟೋಬರ್ 11. ಎದುರಿಗೆ ಶಿಕಾಗೊ ಕಬ್ಸ್. ಮ್ಯಾಟ್ ಮೂರ್ ಎಂಟು ಇನ್ನಿಂಗ್ ಎಸೆದು ಎರಡೇ ಹಿಟ್ ಕೊಟ್ಟಿದ್ದ, 120 ಎಸೆತ. ಸ್ಕೋರ್ 5-2. ಒಂಬತ್ತನೇ ಇನ್ನಿಂಗ್‌ಗೆ ಬೋಚಿ ಅವನನ್ನು ಕಳಿಸಲಿಲ್ಲ. ಆ ಒಂದು ಇನ್ನಿಂಗ್‌ನಲ್ಲಿ ಐದು ಪಿಚರ್‌ಗಳನ್ನು ಬದಲಾಯಿಸಿದರು. ಒಬ್ಬನ ಹಿಂದೆ ಒಬ್ಬ. ಒಬ್ಬನಿಗೂ ನಿಲ್ಲಿಸಲು ಆಗಲಿಲ್ಲ. ಕಬ್ಸ್ ನಾಲ್ಕು ರನ್ ಮಾಡಿ 6-5ರಿಂದ ಗೆದ್ದು, ಆ ವರ್ಷ 108 ವರ್ಷಗಳ ಬರ ಮುಗಿಸಿ ಕಪ್ ಎತ್ತಿತು. ನನ್ನ ಪರಿಚಯದವರೊಬ್ಬರು ಆ ರಾತ್ರಿ ಕ್ರೀಡಾಂಗಣದಲ್ಲಿದ್ದರು. ಪಂದ್ಯ ಮುಗಿದ ಮೇಲೆ ಕ್ಯಾಲ್‌ಟ್ರೇನ್‌ನಲ್ಲಿ ಮೌಂಟನ್ ವ್ಯೂವರೆಗೆ ಯಾರೂ ಒಂದು ಮಾತು ಆಡಲಿಲ್ಲವಂತೆ.

ನನ್ನ ಅಭಿಪ್ರಾಯ ಕೇಳಿದರೆ, ಮೂರ್‌ನನ್ನು ತೆಗೆದದ್ದು ತಪ್ಪಲ್ಲ. ತಪ್ಪಾದದ್ದು ಬುಲ್‌ಪೆನ್‌ನಲ್ಲಿ. ನಂಬಬಹುದಾದ ಒಂದು ಕೈ ಆ ವರ್ಷ ಅಲ್ಲಿ ಇರಲಿಲ್ಲ. ಹಳೆಯ ನಾಲ್ವರ ಕಾಲ ಮುಗಿಯುತ್ತಾ ಬಂದಿತ್ತು. ಆಫೆಲ್ಟ್ ಹಿಂದಿನ ವರ್ಷವೇ ಆಟ ಬಿಟ್ಟಿದ್ದ. ತೀರ್ಮಾನ ಮಾಡುವವರು ಎಷ್ಟೇ ಚೆನ್ನಾಗಿರಲಿ, ಕೊಡಲು ಕೈಯೇ ಇಲ್ಲದಿದ್ದರೆ ಚೆಂಡನ್ನು ಯಾರಿಗೆ ಕೊಡುವುದು?

ಮುಂದಿನ ಮೂರು ವರ್ಷ ಕಷ್ಟದ್ದು. 2017ರಲ್ಲಿ 98 ಸೋಲು. ಬೋಚಿ ಅವರಿಗೆ ಹೃದಯದ ತೊಂದರೆ ಇತ್ತು, ಚಿಕಿತ್ಸೆಯೂ ಆಯಿತು. ಹಳೆಯ ಆಟಗಾರರನ್ನು ಬಿಡಲು ಮನಸ್ಸಿಲ್ಲ, ಹೊಸಬರಿಗೆ ಅವಕಾಶ ಕೊಡುವುದಿಲ್ಲ ಅನ್ನುವ ದೂರು ಅಭಿಮಾನಿಗಳಲ್ಲೇ ಜೋರಾಯಿತು. ಆ ದೂರು ಪೂರ್ತಿ ಸುಳ್ಳಲ್ಲ. ಜೀಟೋನನ್ನು ಉಳಿಸಿಕೊಂಡ ಆ ನಿಷ್ಠೆಯೇ ತಂಡ ಮುದಿಯಾದಾಗ ಭಾರವೂ ಆಯಿತು. ಅವರ ಒಳ್ಳೆಯ ಗುಣವನ್ನು ಮೆಚ್ಚುವ ನಾವು ಅದರ ಬೆಲೆಯನ್ನೂ ಒಪ್ಪಿಕೊಳ್ಳಬೇಕು.

2019ರ ಫೆಬ್ರವರಿಯಲ್ಲಿ, ಸೀಸನ್ ಶುರುವಾಗುವ ಮೊದಲೇ, ಇದೇ ಕೊನೆಯ ವರ್ಷ ಅಂತ ಅವರು ಹೇಳಿದರು. ಹಾಗಾಗಿ ಆ ಇಡೀ ಸೀಸನ್ ಒಂದು ಉದ್ದನೆಯ ಬೀಳ್ಕೊಡುಗೆ ಆಯಿತು. ಸೆಪ್ಟೆಂಬರ್ 18ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ 2000ನೇ ಗೆಲುವು. ಆ ಅಂಕಿ ಮುಟ್ಟಿದ ಮ್ಯಾನೇಜರ್‌ಗಳಲ್ಲಿ ಅವರು ಹನ್ನೊಂದನೆಯವರು. ಕೊನೆಯ ಪಂದ್ಯ ಇಲ್ಲೇ, ಡಾಜರ್ಸ್ ಎದುರು. ಆ ಪಂದ್ಯ 9-0ರಿಂದ ಸೋತರು. ಅದು ಯಾರಿಗೂ ನೆನಪಿಲ್ಲ. ನೆನಪಿರುವುದು ಬೋಚಿ ನಡುವೆ ಬಮ್‌ಗಾರ್ನರ್‌ನನ್ನು ಬ್ಯಾಟ್ ಕೊಟ್ಟು ಕಳಿಸಿದ್ದು. ಎದುರಿಗೆ ಡಾಜರ್ಸ್‌ನ ಕ್ಲೇಟನ್ ಕರ್ಶಾ. ಎಷ್ಟೋ ವರ್ಷ ಒಬ್ಬರಿಗೊಬ್ಬರು ಎದುರಾಗಿ ಎಸೆದ ಇಬ್ಬರು. ಬಮ್‌ಗಾರ್ನರ್ ಔಟ್ ಆದ. ಅವನಿಗೂ ಅದು ಜೈಂಟ್ಸ್ ಉಡುಪಿನಲ್ಲಿ ಕೊನೆಯ ಪಂದ್ಯವಾಯಿತು. ಬೋಚಿ ಅದನ್ನು ಊಹಿಸಿದ್ದರು ಅಂತ ನಾನು ನಂಬುತ್ತೇನೆ. ಕೊನೆಯ ದಿನ ತಮಗೆ ಸಿಗಬೇಕಾದ ಚಪ್ಪಾಳೆಯಲ್ಲಿ ಒಂದು ಪಾಲನ್ನು ಆ ಹುಡುಗನಿಗೆ ದಾಟಿಸಿದರು.

ಪಂದ್ಯ ಮುಗಿದ ಮೇಲೆ ಹಳೆಯ ಆಟಗಾರರು ಒಬ್ಬೊಬ್ಬರೇ ಮೈದಾನಕ್ಕೆ ಬಂದರು. ಆ ಸಾಲಿನಲ್ಲಿ ಲಿನ್ಸೆಕಮ್ ಬಂದ. ತಂಡ ಬಿಟ್ಟ ಮೇಲೆ ಅವನು ಇಲ್ಲಿ ಕಾಣಿಸಿಕೊಂಡಿರಲಿಲ್ಲ. ಬುಲ್‌ಪೆನ್‌ಗೆ ಕಳಿಸಿಕೊಂಡವನು, 148 ಎಸೆತ ಎಸೆಯಲು ಅವಕಾಶ ಪಡೆದವನು, ಆ ಮ್ಯಾನೇಜರ್‌ಗಾಗಿ ಬಂದ. ಆಗ ಎದ್ದ ಕೂಗು ಬೇರೆಯೇ ಇತ್ತು.

ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದೆವು. 2022ರಲ್ಲಿ ಹುಟ್ಟಿದ ದೇಶ ಫ್ರಾನ್ಸ್‌ನ ತಂಡವನ್ನು ಸ್ವಲ್ಪ ದಿನ ನಡೆಸಿದರು. ಆ ವರ್ಷವೇ ಅಕ್ಟೋಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್ ಕರೆಯಿತು. ಆ ಸೀಸನ್‌ನಲ್ಲಿ 94 ಪಂದ್ಯ ಸೋತಿದ್ದ ತಂಡ. 2010ರಲ್ಲಿ ಬೋಚಿ ಅವರ ಜೈಂಟ್ಸ್ ಕಪ್ ಗೆದ್ದದ್ದು ಇದೇ ರೇಂಜರ್ಸ್ ತಂಡವನ್ನು ಸೋಲಿಸಿ. ಅಷ್ಟು ಹೊತ್ತಿಗೆ ಆಟದ ನಿಯಮವೂ ಬದಲಾಗಿತ್ತು. 2020ರಿಂದ ಒಳಗೆ ಬಂದ ಪಿಚರ್ ಕನಿಷ್ಠ ಮೂರು ಬ್ಯಾಟ್ಸ್‌ಮನ್‌ಗಳಿಗೆ ಎಸೆಯಬೇಕು, ಇಲ್ಲವೇ ಇನ್ನಿಂಗ್ ಮುಗಿಯಬೇಕು. ಲೋಪೆಸ್‌ನಂಥವನನ್ನು ಒಬ್ಬನಿಗಾಗಿ ಕಳಿಸುವ ಹಳೆಯ ಕಲೆಗೆ ಜಾಗ ಇಲ್ಲ. ಅವರ ವಿದ್ಯೆ ಹಳತಾಯಿತು ಅಂತ ಹೇಳಿದವರು ಕಡಿಮೆ ಇರಲಿಲ್ಲ. 2023ರ ಪ್ಲೇಆಫ್‌ನಲ್ಲಿ ರೇಂಜರ್ಸ್ ಎದುರಾಳಿಗಳ ಊರಿನಲ್ಲಿ ಆಡಿದ 11 ಪಂದ್ಯಗಳನ್ನೂ ಗೆದ್ದಿತು. ನವೆಂಬರ್ 1ರಂದು ಆ ತಂಡಕ್ಕೆ ಅದರ ಇತಿಹಾಸದಲ್ಲೇ ಮೊದಲ ಕಪ್ ಬಂತು. ನಾಲ್ಕು ಅಥವಾ ಹೆಚ್ಚು ಕಪ್ ಗೆದ್ದ ಮ್ಯಾನೇಜರ್‌ಗಳು ಈಗ ಆರೇ ಜನ. ಅವರಲ್ಲಿ ಬೋಚಿ ಒಬ್ಬರು.

ಆ ರಾತ್ರಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಜೈಂಟ್ಸ್ ಟೋಪಿ ಹಾಕಿಕೊಂಡೇ ರೇಂಜರ್ಸ್‌ಗೆ ಚಪ್ಪಾಳೆ ಹೊಡೆದರು. ನಮ್ಮ ಮನೆಯಲ್ಲೂ.

ಟೆಕ್ಸಸ್‌ನ ಕೆಲಸ 2025ರ ಸೀಸನ್ ಜೊತೆ ಮುಗಿಯಿತು. ಒಟ್ಟು 2252 ಗೆಲುವು. ಅವರೀಗ ಸಲಹೆಗಾರರಾಗಿ ಜೈಂಟ್ಸ್‌ಗೆ ವಾಪಸ್ ಬಂದಿದ್ದಾರೆ. ತಂಡದ ಆಡಳಿತ ನೋಡಿಕೊಳ್ಳುವುದು ಬಸ್ಟರ್ ಪೋಸಿ, ಅವರದೇ ಕ್ಯಾಚರ್. ಪೋಸಿ ಆರಿಸಿದ ಹೊಸ ಮ್ಯಾನೇಜರ್ ಟೋನಿ ವಿಟೆಲ್ಲೊ, ಟೆನೆಸ್ಸೀ ವಿಶ್ವವಿದ್ಯಾಲಯದ ತಂಡದಿಂದ ಬಂದವರು. ಅದಕ್ಕೆ ಮುಂಚೆ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅವರಿಗೆ ಅನುಭವ ಇರಲಿಲ್ಲ. ಈ ಹೊಸಬರು ಹಿರಿಯರ ಹತ್ತಿರ ಕೂತು ಬುಲ್‌ಪೆನ್ ಲೆಕ್ಕ ಕೇಳಲಿ, ಪಟ್ಟಿಯಿಂದ ಹೆಸರು ತೆಗೆಯಬೇಕಾದ ದಿನ ಆ ಆಟಗಾರನಿಗೆ ಏನು ಹೇಳಬೇಕು ಅಂತಲೂ ಕೇಳಲಿ. ಇದು ನನ್ನ ಆಸೆ. ಪ್ರಶ್ನೆ ಇದ್ದವರು ಕೇಳಿ, ಸಮಯ ಇನ್ನೂ ಇದೆ.